ಸೂಜಿಗಿಂತ ಮೊದಲು ಬೆಳಕು: ಕಲ್ಲಿನೊಳಗಿನ ಮೀನನ್ನು ಬಿಡಿಸುವುದು

ಬೂತಾಯಿ ಮೀನು ಹೆರೆಯುವಾಗ ಕತ್ತಿ ಬಾಲದಿಂದ ತಲೆಯ ಕಡೆಗೆ ಓಡುತ್ತದೆ. ಹುರುಪೆಗಳು ಹೆಂಚಿನ ಹಾಗೆ ಒಂದರ ಮೇಲೊಂದು, ಬಾಲದ ಕಡೆಗೆ ಮಲಗಿರುತ್ತವೆ. ಎದುರಿನಿಂದ ಎಬ್ಬಿಸಿದರೆ ಪಟಪಟನೆ ಕಿತ್ತು ಬರುತ್ತವೆ. ಕಲ್ಲಿನಲ್ಲಿ ಪಳೆಯುಳಿಕೆಯಾಗಿರುವ ಮೀನನ್ನು ಬಿಡಿಸುವಾಗ, ಅಂದರೆ ಮೇಲೆ ಹೊದ್ದ ಕಲ್ಲನ್ನು ಸೂಜಿಯಿಂದ ಕೆರೆದು ತೆಗೆಯುವಾಗ, ಇದೇ ಲೆಕ್ಕ ತಿರುಗುಮುರುಗು. ಸೂಜಿ ತಲೆಯಿಂದ ಬಾಲದ ಕಡೆಗೇ ಹೋಗಬೇಕು, ಏಕೆಂದರೆ ಇಲ್ಲಿ ಹುರುಪೆ ಕಿತ್ತು ಬರಬಾರದು. ಅಡುಗೆಮನೆಯಲ್ಲಿ ಪಳಗಿದ ಕೈ ಮೊದಲ ದಿನ ಎಡವುವುದು ಇಲ್ಲೇ.

ಹೋಲಿಕೆ ಬರೀ ಮಾತಿಗಲ್ಲ. ಹೊಸಬರ ಕೈಗೆ ಸಾಮಾನ್ಯವಾಗಿ ಸಿಗುವ ಪಳೆಯುಳಿಕೆ ಮೀನು ನೈಟಿಯಾ, ನಮ್ಮ ಬೂತಾಯಿಯ ದೂರದ ನೆಂಟ. ಹೆರಿಂಗ್ ಬಳಗದ್ದು, ಹೆಚ್ಚಿನವು ಗೇಣಿಗಿಂತ ಚಿಕ್ಕವು. ಅಮೆರಿಕದ ವಯೋಮಿಂಗ್ ರಾಜ್ಯದ ಕೆಮ್ಮರರ್ ಊರಿನ ಸುತ್ತಮುತ್ತ, ಗ್ರೀನ್ ರಿವರ್ ಶಿಲಾಸ್ತರದಲ್ಲಿ, ಸುಮಾರು 5.2 ಕೋಟಿ ವರ್ಷಗಳ ಹಿಂದಿನ ಸರೋವರವೊಂದರ ತಳದ ಕೆಸರು ಸುಣ್ಣಗಲ್ಲಾಗಿ ನಿಂತಿದೆ. ನೈಟಿಯಾ ಅಲ್ಲಿ ಗುಂಪುಗುಂಪಾಗಿ ಸಿಗುತ್ತದೆ. ವಯೋಮಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್ಬರ್ ಕ್ಲಿಂಟನ್ ನೈಟ್ ಅವರ ನೆನಪಿಗೆ ಡೇವಿಡ್ ಸ್ಟಾರ್ ಜೋರ್ಡನ್ 1907ರಲ್ಲಿ ಇಟ್ಟ ಹೆಸರು ಅದು. 1987ರಿಂದ ಅದು ಆ ರಾಜ್ಯದ ಅಧಿಕೃತ ಪಳೆಯುಳಿಕೆ.

ಕರ್ನಾಟಕದ ಕಲ್ಲು ಒಡೆದು ಇಂಥ ಮೀನು ಹುಡುಕಬಹುದೇ ಎಂದು ಕೇಳುವವರಿದ್ದಾರೆ. ನಮ್ಮ ನೆಲದ ಹೆಚ್ಚಿನ ಬಂಡೆಗಳು ಮೀನು ಎಂಬ ಜೀವಿ ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನವು. ಬಾಗಲಕೋಟೆ ಕಡೆಯ ಕಲಾದಗಿ ಸುಣ್ಣಗಲ್ಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು ಕಾಣುತ್ತವೆ, ಮುಳ್ಳು ಕಾಣುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಕೂತು ಮೀನು ಬಿಡಿಸುವವರ ಮೇಜಿನ ಮೇಲೂ ಸಾಮಾನ್ಯವಾಗಿ ಇರುವುದು ವಯೋಮಿಂಗ್ ಕಲ್ಲೇ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಸಾಲ್ಟ್ ಲೇಕ್ ಸಿಟಿಯಿಂದ ಕೆಮ್ಮರರ್‌ಗೆ ಕಾರಿನಲ್ಲಿ ಸುಮಾರು ಎರಡು ಗಂಟೆ. ಖಾಸಗಿ ಗಣಿಗಳಲ್ಲಿ ಬೇಸಿಗೆಯಲ್ಲಿ ದುಡ್ಡು ಕೊಟ್ಟು ಅಗೆಯಬಹುದು, ಸಾಮಾನ್ಯ ಮೀನುಗಳನ್ನು ಮನೆಗೂ ತರಬಹುದು. ಆದರೆ ಪಕ್ಕದಲ್ಲೇ ಇರುವ ಫಾಸಿಲ್ ಬ್ಯೂಟ್ ರಾಷ್ಟ್ರೀಯ ಸ್ಮಾರಕದಲ್ಲಿ ಒಂದು ಚೂರನ್ನೂ ಎತ್ತುವಂತಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಬೇರೆ ಜಮೀನಿನಲ್ಲೂ ಬೆನ್ನೆಲುಬಿರುವ ಪ್ರಾಣಿಗಳ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ತೆಗೆಯುವುದು ಅಪರಾಧ. ಅಂಗಡಿಯಲ್ಲಿ ಬ್ರೆಜಿಲ್‌ನ ಮೀನು ಕಂಡರೆ ಆಸೆಪಡಬೇಡಿ. ಅಲ್ಲಿ 1942ರಿಂದಲೇ ಪಳೆಯುಳಿಕೆಗಳು ಸರ್ಕಾರದ ಸ್ವತ್ತು, ಹೊರಗೆ ಬಂದದ್ದರಲ್ಲಿ ಬಹುಪಾಲು ಕಳ್ಳಮಾಲು.

ಕೆಮ್ಮರರ್ ಕಲ್ಲಿನಲ್ಲೂ ಎರಡು ಬಗೆ. ‘ಸ್ಪ್ಲಿಟ್ ಫಿಶ್’ ಪದರದ ಕಲ್ಲು ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಮೀನು ಒಡೆದ ಮೈಮೇಲೆಯೇ ಕಾಣುತ್ತದೆ, ಬಣ್ಣ ಕಿತ್ತಳೆಗಂದು, ಮುಳ್ಳು ಮೆದು. ಇನ್ನೊಂದು ‘18 ಇಂಚಿನ ಪದರ’. ದಪ್ಪ ಹೆಸರಿನಲ್ಲೇ ಇದೆ. ಕಲ್ಲು ಗಟ್ಟಿ, ಮುಳ್ಳು ಕಡುಗಂದು, ಗಟ್ಟಿಮುಟ್ಟು. ಆದರೆ ಮೀನಿನ ಮೇಲೆ ಒಂದರಿಂದ ಮೂರು ಮಿಲಿಮೀಟರ್ ಕಲ್ಲು ಹೊದ್ದಿರುತ್ತದೆ. ಮೊದಲನೆಯದು ಸುಲಭ ಅನಿಸುತ್ತದೆ, ಹೊಸಬರಿಗೆ ಅದನ್ನೇ ಕೊಡುವ ರೂಢಿಯೂ ಇದೆ. ಅದು ತಪ್ಪು ಶುರು. ಕಲ್ಲೂ ಮೆದು, ಮುಳ್ಳೂ ಮೆದು ಆದಾಗ ಯಾವುದು ಕಿತ್ತು ಬಂತೆಂದು ಕೈಗೆ ತಿಳಿಯುವುದಿಲ್ಲ. 18 ಇಂಚಿನ ಪದರದ, ಬಿಡಿಸದ, ಏಳೆಂಟು ಸೆಂಟಿಮೀಟರಿನ ನೈಟಿಯಾ ತೆಗೆದುಕೊಳ್ಳಿ. ಹೊರಗಿನಿಂದ ಬರೀ ಬೆಣ್ಣೆಬಣ್ಣದ ಚಪ್ಪಡಿ, ನಡುವೆ ಒಂದು ಉಬ್ಬು, ಅಷ್ಟೇ.

ಆ ಉಬ್ಬನ್ನು ನೋಡಲು ಕಲಿಯುವುದರಲ್ಲೇ ಅರ್ಧ ವಿದ್ಯೆ ಇದೆ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿಸಿ, ಬೆಳಕು ಕಲ್ಲಿನ ಮೈಮೇಲೆ ಹರಿದುಹೋಗುವಂತೆ ಮಲಗಿಸಿ ಹಿಡಿಯಿರಿ. ಮಧ್ಯಾಹ್ನದ ಬೆಳಕಲ್ಲಿ ಸಪಾಟಾಗಿದ್ದ ಕಲ್ಲಿನ ಮೇಲೆ ಒಮ್ಮೆಲೆ ನೆರಳು ಏಳುತ್ತದೆ: ನಡುವೆ ಬೆನ್ನೆಲುಬಿನ ಏಣು, ಒಂದು ಕೊನೆಯಲ್ಲಿ ತಲೆಬುರುಡೆಯ ಗಡ್ಡೆ. ಕೆಮ್ಮರರ್‌ನಲ್ಲಿ ಈ ಪದರವನ್ನು ರಾತ್ರಿ ಹೊತ್ತು ಅಗೆಯುವವರಿದ್ದಾರೆ, ಕಾರಣ ಇದೇ. ದೀಪವನ್ನು ನೆಲಮಟ್ಟಕ್ಕೆ ಇಟ್ಟರೆ ಹಗಲಲ್ಲಿ ಕಾಣದ ಮೀನು ಕಾಣುತ್ತದೆ. ಟಾರ್ಚನ್ನು ನಾಲ್ಕೂ ಕಡೆಯಿಂದ ಸುತ್ತಿಸಿ, ತಲೆ ಎಲ್ಲಿ, ಬಾಲ ಎಲ್ಲಿ, ಹೊಟ್ಟೆ ಯಾವ ಕಡೆ ಎಂದು ಗುರುತಿಸಿ, ಮೀನಿನಿಂದ ದೂರದಲ್ಲಿ ಪೆನ್ಸಿಲಿನಿಂದ ಬಾಣ ಹಾಕಿಡಿ. ನಾಲ್ಕು ಫೋಟೊ ತೆಗೆಯಿರಿ. ಆಮೇಲೆ ಗೊಂದಲವಾದಾಗ ಹಿಂದಿರುಗಿ ನೋಡಲು ಬೇರೇನೂ ಇರುವುದಿಲ್ಲ.

ಕೆಲಸದ ಉದ್ದಕ್ಕೂ ಬೆಳಕು ಹೀಗೆ ಓರೆಯಾಗಿಯೇ ಇರಬೇಕು. ನೇರ ತಲೆಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಕೆರೆಯಲು ಕೂತವರು ಮುಳ್ಳನ್ನು ಕತ್ತರಿಸಿದ ಮೇಲೆ ಮುಳ್ಳನ್ನು ನೋಡುತ್ತಾರೆ. ಸೂಜಿ ಹಿಡಿಯದ ಕೈಯ ಕಡೆಯಿಂದ ಬೆಳಕು ಬಂದರೆ ಕೈಯ ನೆರಳು ಅಡ್ಡ ಬರುವುದಿಲ್ಲ.

ಸಲಕರಣೆಗೆ ದೊಡ್ಡ ಖರ್ಚಿಲ್ಲ. ಗಡಿಯಾರ ರಿಪೇರಿಯವರು ಬಳಸುವ ಪಿನ್ ವೈಸ್ ಎಂಬ ಪುಟ್ಟ ಹಿಡಿ, ಅದಕ್ಕೆ ಕಾರ್ಬೈಡ್ ಸೂಜಿ ಎರಡು. ಒಂದರ ತುದಿ ಮೊನಚು, ಇನ್ನೊಂದರದ್ದು ಉಳಿಯಂತೆ ಓರೆಯಾಗಿ ಉಜ್ಜಿದ್ದು. ಹೊಲಿಗೆ ಸೂಜಿಯಿಂದಲೂ ಶುರು ಮಾಡಬಹುದು, ಆದರೆ ಹತ್ತು ನಿಮಿಷಕ್ಕೊಮ್ಮೆ ಮೊಂಡಾಗುತ್ತದೆ. ಮೊಂಡಾದ ಸೂಜಿಗೆ ಒತ್ತಡ ಹೆಚ್ಚು ಬೇಕು, ಒತ್ತಡ ಹೆಚ್ಚಾದಾಗಲೇ ಜಾರುವುದು. ಮೆದು ಬಣ್ಣದ ಬ್ರಷ್ಷು, ಹಳೆಯ ಮೆತ್ತನೆ ಟೂತ್‌ಬ್ರಷ್ಷು, ಕ್ಯಾಮೆರಾ ಲೆನ್ಸಿನ ದೂಳು ಊದುವ ರಬ್ಬರ್ ಬುರುಡೆ. ತಲೆಗೆ ಕಟ್ಟಿಕೊಳ್ಳುವ ಎರಡೂವರೆ-ಮೂರು ಪಟ್ಟಿನ ಭೂತಗನ್ನಡಿ ಸಾಕು. ಹತ್ತು ಪಟ್ಟಿನ ಸ್ಟೀರಿಯೊ ಮೈಕ್ರೊಸ್ಕೋಪ್ ಇದ್ದರೆ ರೆಕ್ಕೆಯ ಕೆಲಸ ಹಗುರ. ಚಪ್ಪಡಿಯ ಕೆಳಗೆ ಮರಳು ತುಂಬಿದ ಬಟ್ಟೆಚೀಲ. ಗಟ್ಟಿ ಮೇಜಿನ ಮೇಲಿಟ್ಟರೆ ಕಲ್ಲು ಎರಡು ಮೂಲೆಯ ಮೇಲೆ ನಿಂತು ನಡುವೆ ಟೊಳ್ಳು ಉಳಿಯುತ್ತದೆ, ಅಂಗೈ ಊರಿದರೆ ಅಲ್ಲೇ ಬಿರುಕು. ಸಸ್ತಾ ಎಲೆಕ್ಟ್ರಿಕ್ ಕೆತ್ತನೆ ಪೆನ್ನು ಬೇಡ, ಅದರ ನಡುಕಕ್ಕೆ ಕಲ್ಲಿನ ಪದರಗಳು ಒಂದರಿಂದೊಂದು ಬಿಡುತ್ತವೆ.

ಎನ್95 ಮಾಸ್ಕ್ ಹಾಕಿಕೊಳ್ಳಿ. ಸುಣ್ಣದ ದೂಳೇ ತಾನೇ ಎಂಬ ಉಡಾಫೆ ಬೇಡ, ಆ ಸರೋವರದ ತಳದಲ್ಲಿ ಜ್ವಾಲಾಮುಖಿ ಬೂದಿಯ ಪದರಗಳೂ ಇವೆ, ಸಿಲಿಕಾ ಇದ್ದೇ ಇರುತ್ತದೆ. ಬಾಯಿಂದ ಊದಬೇಡಿ, ದೂಳು ಕಣ್ಣಿಗೆ ಬರುತ್ತದೆ, ಉಗುಳಿನ ತೇವ ಕಲ್ಲಿಗೆ ಹೋಗುತ್ತದೆ. ಫ್ಯಾನ್ ಆರಿಸಿ. ಸೆಖೆಯಾಗುತ್ತದೆ, ನಿಜ. ಆದರೆ ಕಿತ್ತು ಬಂದ ಒಂದು ಮಿಲಿಮೀಟರಿನ ಮುಳ್ಳನ್ನು ಫ್ಯಾನಿನ ಗಾಳಿ ಎಲ್ಲಿಗೆ ಒಯ್ಯಿತೆಂದು ಹುಡುಕುವ ಕಷ್ಟಕ್ಕಿಂತ ಸೆಖೆ ವಾಸಿ.

ವಿನಿಗರ್‌ನಲ್ಲಿ ನೆನೆಹಾಕಿದರೆ ಕಲ್ಲು ಕರಗಿ ಮೀನು ಉಳಿಯುವುದಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ರಸಾಯನದ ಲೆಕ್ಕದಲ್ಲಿ ಪ್ರಶ್ನೆ ಸರಿಯಾದದ್ದೇ. ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್, ಮುಳ್ಳು ಕ್ಯಾಲ್ಸಿಯಂ ಫಾಸ್ಫೇಟ್. ದುರ್ಬಲ ಅಸಿಟಿಕ್ ಆಮ್ಲ ಮೊದಲನೆಯದನ್ನು ಬೇಗ ತಿನ್ನುತ್ತದೆ, ಎರಡನೆಯದನ್ನು ನಿಧಾನವಾಗಿ. ಲಂಡನ್ನಿನಲ್ಲಿ ಟೂಂಬ್ಸ್ ಮತ್ತು ರಿಕ್ಸನ್ 1950ರಲ್ಲಿ ವಿವರಿಸಿದ ವಿಧಾನ ಇದನ್ನೇ ಬಳಸಿಕೊಂಡದ್ದು. ಆದರೆ ಅಲ್ಲಿ ಮೊದಲು ಮೀನಿನ ಒಂದು ಮೈಯನ್ನು ಪ್ಲಾಸ್ಟಿಕ್ ರಾಳದಲ್ಲಿ ಹೂತು, ಆಮೇಲೆ ಹಿಂದಿನಿಂದ ಕಲ್ಲು ಕರಗಿಸುತ್ತಾರೆ. ಹಾಗೆ ಹಿಡಿದುಕೊಳ್ಳುವ ರಾಳ ಇಲ್ಲದಿದ್ದರೆ ಶಾವಿಗೆಯಷ್ಟು ಸಪೂರದ ಪಕ್ಕೆಲುಬು ಯಾವುದರ ಮೇಲೆ ನಿಲ್ಲಬೇಕು? ವಿನಿಗರ್ ಬಟ್ಟಲಿನ ತಳದಲ್ಲಿ ಕಂದು ಪುಡಿ ಸಿಗುತ್ತದೆ. ನೀರಿನಲ್ಲಿ ನೆನೆಸುವುದೂ ಬೇಡ, ಪದರಗಳ ನಡುವೆ ನೀರು ಹೋಗಿ ಕಲ್ಲು ಬಿಡಿಸಿಕೊಳ್ಳುತ್ತದೆ.

ಈಗ ಸೂಜಿ. ಶುರು ಮಾಡುವ ಜಾಗ ಬೆನ್ನೆಲುಬು, ತಲೆಯ ಹಿಂದೆ ಒಂದೆರಡು ಸೆಂಟಿಮೀಟರ್ ಬಿಟ್ಟು, ಉಬ್ಬು ಸ್ಪಷ್ಟವಾಗಿರುವಲ್ಲಿ. ಅಲ್ಲಿ ಕಲ್ಲಿನ ಹೊದಿಕೆ ತೆಳು, ಮುಳ್ಳು ದಪ್ಪ, ತಪ್ಪಿದರೂ ಹಾನಿ ಕಡಿಮೆ. ಓರೆ ತುದಿಯ ಸೂಜಿಯನ್ನು ಕಲ್ಲಿಗೆ ಇಪ್ಪತ್ತು-ಮೂವತ್ತು ಡಿಗ್ರಿಯಲ್ಲಿ ಮಲಗಿಸಿ, ಎರಡು ಮೂರು ಮಿಲಿಮೀಟರಿನ ಗೀರುಗಳಲ್ಲಿ ಕೆರೆಯಿರಿ. ಕಿರುಬೆರಳು ಯಾವಾಗಲೂ ಕಲ್ಲಿನ ಮೇಲೆ ಊರಿರಲಿ, ಸೂಜಿ ಜಾರಿದರೆ ತಡೆಯುವ ಬ್ರೇಕು ಅದೇ. ಹತ್ತು ಗೀರಿಗೊಮ್ಮೆ ಬ್ರಷ್ಷಿನಿಂದ ಗುಡಿಸಿ. ಕೆರೆದ ಪುಡಿ ಮುಳ್ಳಿನ ಸಂದಿಗೆ ತುಂಬಿಕೊಂಡರೆ ಕಂದು ಬಣ್ಣ ಮುಚ್ಚಿಹೋಗಿ, ಮುಳ್ಳನ್ನೇ ಕಲ್ಲೆಂದು ಕೆರೆಯುತ್ತೀರಿ. ಅನುಮಾನ ಬಂದಲ್ಲಿ ಬ್ರಷ್ಷಿನ ತುದಿಯಿಂದ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿ. ಒದ್ದೆಯಾದ ಕ್ಷಣ ಮುಳ್ಳು ಕಪ್ಪಾಗಿ ಎದ್ದು ಕಾಣುತ್ತದೆ, ಅರ್ಧ ನಿಮಿಷದಲ್ಲಿ ಆರುತ್ತದೆ. ಹತ್ತಿಕಡ್ಡಿ ಮಾತ್ರ ಬಳಸಬೇಡಿ, ಅದರ ಎಳೆ ಪಕ್ಕೆಲುಬಿಗೆ ಸಿಕ್ಕಿ ಕಿತ್ತುಕೊಂಡೇ ಬರುತ್ತದೆ.

ಕಿವಿಯೂ ಕೆಲಸ ಮಾಡುತ್ತದೆ. ಕಲ್ಲಿನ ಮೇಲೆ ಸೂಜಿ ಓಡುವಾಗ ಸುಣ್ಣ ಬಳಿದ ಗೋಡೆಯನ್ನು ಗೀರಿದಂಥ ಒರಟು ಸದ್ದು, ಕೈಗೆ ತರಿತರಿ. ಮುಳ್ಳು ಮುಟ್ಟಿದಾಗ ಸದ್ದು ತೆಳುವಾಗುತ್ತದೆ, ಸೂಜಿ ಗಾಜಿನ ಮೇಲೆ ಹೋದಂತೆ ನುಣ್ಣಗೆ ಜಾರುತ್ತದೆ. ಆ ಜಾರು ಸಿಕ್ಕಿದ ಕೂಡಲೇ ಒತ್ತಡ ಬಿಡಬೇಕು. ಗಡಸುತನದ ಮೋಸ್ ಅಳತೆಯಲ್ಲಿ ಈ ಕಲ್ಲಿನ ಕ್ಯಾಲ್ಸೈಟ್ 3, ಮುಳ್ಳಿನ ಅಪಟೈಟ್ 5. ಮುಳ್ಳು ಕಲ್ಲಿಗಿಂತ ಗಟ್ಟಿ ಎಂದು ಸಮಾಧಾನಪಡುವಂತಿಲ್ಲ, ಕಾರ್ಬೈಡ್ ಸೂಜಿ ಎರಡನ್ನೂ ಸುಲಭವಾಗಿ ಕತ್ತರಿಸುತ್ತದೆ. ಪಳಗಿದವರು ಬಳಸುವ, ಗಾಳಿಯಲ್ಲಿ ಪುಡಿ ಹಾರಿಸಿ ಕಲ್ಲು ಸವೆಸುವ ಯಂತ್ರದ ಗುಟ್ಟೂ ಇದೇ ಅಳತೆಯಲ್ಲಿದೆ. ಅಡುಗೆ ಸೋಡಾ 2.5, ಡಾಲೊಮೈಟ್ 3.5ರಿಂದ 4. ಎರಡೂ ಮುಳ್ಳಿಗಿಂತ ಮೆದು, ಹಾಗಾಗಿ ಕಡಿಮೆ ಒತ್ತಡದ ಗಾಳಿಯಲ್ಲಿ ಹಾರಿಸಿದರೆ ಕಲ್ಲು ಸವೆಯುತ್ತದೆ, ಮುಳ್ಳು ಹೆಚ್ಚುಕಡಿಮೆ ನಿಲ್ಲುತ್ತದೆ. ಕಂಪ್ರೆಸರ್, ದೂಳು ಹಿಡಿಯುವ ಪೆಟ್ಟಿಗೆ ಎಲ್ಲಾ ಸೇರಿದರೆ ಖರ್ಚು ಬಹಳ, ಮೊದಲ ಮೀನಿಗೆ ಅದು ಬೇಕಿಲ್ಲ.

ಬೆನ್ನೆಲುಬು ಸಿಕ್ಕಿದ ಮೇಲೆ ಗೊತ್ತಿದ್ದಲ್ಲಿಂದ ಗೊತ್ತಿಲ್ಲದ ಕಡೆಗೆ ನಡೆಯುವುದು. ಪ್ರತಿ ಕಶೇರು, ಅಂದರೆ ಬೆನ್ನೆಲುಬಿನ ಮಣಿ, ಡಮರುವಿನಂತೆ ನಡುವೆ ಸಣ್ಣಗಿರುತ್ತದೆ, ಆ ಸಣ್ಣ ನಡುವಿನ ಕಲ್ಲನ್ನು ಪೂರ್ತಿ ಬಳಿದು ತೆಗೆಯಲು ಹೋಗಬೇಡಿ. ಪಕ್ಕೆಲುಬಿನ ಉದ್ದಕ್ಕೆ ಸೂಜಿ ಓಡಿಸಿ, ಅಡ್ಡಕ್ಕೆ ಎಂದೂ ಬೇಡ. ನೈಟಿಯಾಕ್ಕೆ ಹೊಟ್ಟೆಯ ಅಂಚಿನಲ್ಲೂ ಬೆನ್ನಿನ ಅಂಚಿನಲ್ಲೂ ಗಟ್ಟಿ ಹುರುಪೆಗಳ ಸಾಲಿದೆ. ಬೂತಾಯಿಯ ಹೊಟ್ಟೆ ಸವರಿದಾಗ ಗರಗಸದಂತೆ ತಾಗುತ್ತದಲ್ಲ, ಅದೇ. ಕೆಳಗಿನ ಸಾಲು ಸಿಕ್ಕಿತೆಂದರೆ ಮೈಯ ಅಂಚು ಸಿಕ್ಕಿತು. ಒಂದು ವೇಳೆ ಕೆಳಗಿನ ಹಿಂಬದಿಯ ರೆಕ್ಕೆ ಬಾಲದವರೆಗೂ ಉದ್ದಕ್ಕೆ ಹರಡಿ, ಬಾಯಿ ಮೇಲ್ಮುಖವಾಗಿ ಕಂಡರೆ ನಿಮ್ಮ ಕೈಲಿರುವುದು ನೈಟಿಯಾ ಅಲ್ಲ, ಡಿಪ್ಲೊಮಿಸ್ಟಸ್. ನೈಟಿಯಾವನ್ನೇ ತಿನ್ನುತ್ತಿದ್ದ ಮೀನು ಅದು.

ರೆಕ್ಕೆ ಮತ್ತು ಬಾಲವನ್ನು ಕೊನೆಗಿಡಿ. ಹೊಸಬರ ಮೀನುಗಳಲ್ಲಿ ಹತ್ತಿರದಿಂದ ನೋಡಿದರೆ ಕಾಣುವ ಕೊರತೆ ಒಂದೇ ಥರದ್ದು: ಬಾಲದ ಕವಲು ಮೊಂಡು, ಬೆನ್ನಿನ ರೆಕ್ಕೆ ಅರ್ಧ. ಅವು ಕಲ್ಲಿನಲ್ಲಿ ಇರಲಿಲ್ಲವೆಂದಲ್ಲ. ಮೈಗೆ ಉಬ್ಬು ಇದೆ, ರೆಕ್ಕೆಗೆ ಉಬ್ಬಿಲ್ಲ. ಅದು ಕಾಗದದಷ್ಟು ತೆಳುವಾಗಿ ಒಂದೇ ಪದರದ ಮೇಲೆ ಮಲಗಿರುತ್ತದೆ. ಮೀನು ಮುಗಿಯಿತೆಂದು ಅಂಚಿನ ಕಲ್ಲನ್ನು ಉಳಿ ತುದಿಯಿಂದ ಬೀಸಾಗಿ ಕೆರೆದವರು ರೆಕ್ಕೆಯನ್ನೇ ಪುಡಿ ಮಾಡಿ ಗುಡಿಸಿರುತ್ತಾರೆ. ಬಾಲದ ಬುಡದಲ್ಲಿ ಮೀನು ಮಲಗಿದ ಪದರ ಯಾವುದೆಂದು ಹಿಡಿದು, ಆ ಪದರವನ್ನೇ ಹೊರಕ್ಕೆ ಅನುಸರಿಸಬೇಕು. ಇಲ್ಲಿ ಕೆರೆಯುವುದಲ್ಲ, ಮೊನಚು ಸೂಜಿಯಿಂದ ಮೇಲಿನ ಪದರದ ಅಂಚನ್ನು ಚಿಮ್ಮಿ ಎಬ್ಬಿಸುವುದು, ಸಾಸಿವೆ ಗಾತ್ರದ ಚಕ್ಕೆ ಒಂದೊಂದೇ. ಒಂದು ಬಾಲಕ್ಕೆ ಎರಡು ಗಂಟೆ ಹೋದರೆ ಹೆಚ್ಚಲ್ಲ. ಇಡೀ ಮೀನಿಗೆ ಮೊದಲ ಸಲ ಏಳೆಂಟು ಗಂಟೆ ಇಟ್ಟುಕೊಳ್ಳಿ, ಒಂದು ಕೂತಿಗೆ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ. ಕಣ್ಣು ಸೋತಾಗ ಕೈ ಅವಸರ ಮಾಡುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು ಮೀನಿನ ಸುತ್ತ ಕಂದಕ ತೋಡುವುದು. ಅಂಚು ಸ್ಪಷ್ಟವಾಗಲೆಂದು ಸೂಜಿಯಿಂದ ಗೆರೆ ಕೊರೆದರೆ, ಓರೆ ಬೆಳಕಿನಲ್ಲಿ ಮೀನಿಗಿಂತ ಆ ಗೆರೆಯ ನೆರಳೇ ಮೊದಲು ಕಾಣುತ್ತದೆ. ಸುತ್ತಲ ಕಲ್ಲನ್ನು ಅಗಲವಾಗಿ, ಬಟ್ಟಲಿನ ಅಂಚಿನಂತೆ ಇಳಿಜಾರಾಗಿ ತಗ್ಗಿಸಿ.

ತಲೆಯ ವಿಷಯ ಬೇರೆ. ಬುರುಡೆಯ ಹತ್ತಾರು ತೆಳು ಎಲುಬುಗಳು ಮಣ್ಣಿನ ಭಾರಕ್ಕೆ ಚಪ್ಪಟೆಯಾಗಿ ಒಂದರ ಮೇಲೊಂದು ಕುಸಿದಿರುತ್ತವೆ. ಎಲುಬು ಯಾವುದು, ನಡುವಿನ ಕಲ್ಲು ಯಾವುದೆಂದು ಗೆರೆ ಎಳೆಯುವುದು ಕಷ್ಟ. ಕಿವಿರಿನ ಮುಚ್ಚಳ, ಕಣ್ಣಿನ ಗುಳಿ, ಕೆಳದವಡೆ, ಈ ಮೂರು ಕಂಡರೆ ನಿಲ್ಲಿಸಿ. ಕಣ್ಣಿನ ಗುಳಿಯನ್ನು ಖಾಲಿ ಮಾಡಲು ಹೋಗಬೇಡಿ, ಅಲ್ಲಿ ತಳವೇ ಇಲ್ಲ, ಎಷ್ಟು ತೋಡಿದರೂ ಕಲ್ಲೇ.

ಮುಳ್ಳು ಕಿತ್ತು ಬಂದೇ ಬರುತ್ತದೆ. ಬಂದ ಚೂರನ್ನು ಒದ್ದೆ ಬ್ರಷ್ಷಿನ ತುದಿಯಲ್ಲಿ ಎತ್ತಿ ಮುಚ್ಚಳದ ಡಬ್ಬಿಯಲ್ಲಿಡಿ, ಕೆಲಸ ಅಲ್ಲೇ ನಿಲ್ಲಿಸಿ. ಮನೆಯಲ್ಲಿರುವ ಫೆವಿಕ್ವಿಕ್‌ಗೆ ಕೈ ಹೋಗುವುದು ಸಹಜ, ಆದರೆ ಅದು ಕಲ್ಲಿನ ಒಳಕ್ಕೆ ಹೀರಿಕೊಂಡರೆ ಮತ್ತೆ ಬಿಡಿಸುವುದು ಬಹಳ ಕಷ್ಟ, ಚೆಲ್ಲಿದಲ್ಲಿ ಹೊಳೆಯುತ್ತದೆ. ಬಿಳಿ ಫೆವಿಕಾಲ್‌ನಲ್ಲಿ ನೀರಿದೆ. ವಸ್ತುಸಂಗ್ರಹಾಲಯಗಳಲ್ಲಿ ನೆಚ್ಚುವುದು ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ, ಸಕ್ಕರೆ ಹರಳಿನಂಥ ಗುಳಿಗೆ. ಅಸಿಟೋನ್ ಹಾಕಿದರೆ ಯಾವಾಗ ಬೇಕಾದರೂ ಕರಗಿ ಬಿಡುತ್ತದೆ ಎಂಬುದೇ ಅದರ ದೊಡ್ಡ ಗುಣ. 5 ಗ್ರಾಂ ಗುಳಿಗೆಯನ್ನು ತೆಳುಬಟ್ಟೆಯಲ್ಲಿ ಕಟ್ಟಿ, 100 ಮಿಲಿಲೀಟರ್ ಅಸಿಟೋನ್ ಇರುವ ಗಾಜಿನ ಬಾಟಲಿಯಲ್ಲಿ ಇಳಿಬಿಟ್ಟು, ರಾತ್ರಿಯಿಡೀ ಬಿಡಿ. ಬರೀ ಬಾಟಲಿಗೆ ಸುರಿದರೆ ತಳದಲ್ಲಿ ಅಂಟಿನ ಮುದ್ದೆಯಾಗಿ ಕೂರುತ್ತದೆ. ಇದು ಮುಳ್ಳು ಗಟ್ಟಿಗೊಳಿಸುವ ತೆಳು ದ್ರಾವಣ. ಚೂರು ಅಂಟಿಸಲು 40-50 ಪ್ರತಿಶತದ ಮಂದ ದ್ರಾವಣ, ಸೂಜಿಯ ತುದಿಯಲ್ಲಿ ಚುಕ್ಕೆಯಷ್ಟು. ಉಗುರುಬಣ್ಣ ತೆಗೆಯುವ ಬಾಟಲಿಯ ಅಸಿಟೋನ್ ಬೇಡ, ಅದರಲ್ಲಿ ಎಣ್ಣೆ, ಪರಿಮಳ ಬೆರೆತಿರುತ್ತದೆ. ಕಿಟಕಿ ತೆರೆದಿರಲಿ, ಪಕ್ಕದಲ್ಲಿ ಊದುಬತ್ತಿ, ಗ್ಯಾಸ್ ಒಲೆ ಯಾವುದೂ ಉರಿಯುತ್ತಿರಬಾರದು.

ಕೆಲಸ ಮುಗಿದ ಮೇಲೆ ಮೀನಿನ ಮೇಲಷ್ಟೇ ಈ ತೆಳು ದ್ರಾವಣವನ್ನು ಹನಿಹನಿಯಾಗಿ ಬ್ರಷ್ಷಿನಿಂದ ಮುಟ್ಟಿಸಿ, ಹೀರಿಕೊಳ್ಳಲು ಬಿಡಿ. ಬಳಿಯಬೇಡಿ. ಮೇಲೆ ಹೊಳಪು ನಿಂತರೆ ದ್ರಾವಣ ಮಂದವಾಯಿತೆಂದು ಅರ್ಥ, ಅಸಿಟೋನ್ ಒದ್ದೆ ಬ್ರಷ್ಷಿನಿಂದ ತಗ್ಗಿಸಬಹುದು. ಮಂಗಳೂರಿನ ಕಡೆ ಆಷಾಢದಲ್ಲಿ ಈ ಕೆಲಸಕ್ಕೆ ಕೂತರೆ ಇನ್ನೊಂದು ಕಾಟ: ಅಸಿಟೋನ್ ಬೇಗ ಆರುವಾಗ ಕಲ್ಲಿನ ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಂಜಿನಂಥ ಪೊರೆ ಕಟ್ಟುತ್ತದೆ. ಮಳೆ ಬಿಟ್ಟ ದಿನ ಮತ್ತೆ ಅಸಿಟೋನ್ ಮುಟ್ಟಿಸಿದರೆ ಹೋಗುತ್ತದೆ. ಉತ್ತರದ ಕಡೆಯವರಿಗೆ ಬೇರೆ ಎಚ್ಚರ. ಬಿ-72 ಮೆತ್ತಗಾಗಲು ತೊಡಗುವುದು 40 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಪಡುವಣ ಗೋಡೆಗೆ ತೂಗುಹಾಕಿದ ಚಪ್ಪಡಿಯ ಬೆಸುಗೆ ಜಾರಬಹುದು. ಒಳಗೋಡೆ, ಬಿಸಿಲು ಬೀಳದ ಜಾಗ, ಮಲಗಿಸಿಯೋ ತುಸು ಒರಗಿಸಿಯೋ ಇಟ್ಟ ಸ್ಟ್ಯಾಂಡು ಒಳ್ಳೆಯದು. ಮುಚ್ಚಿದ ಮರದ ಕಪಾಟು ಬೇಡ, ಕೆಲವು ಮರಗಳು ಬಿಡುವ ಆಮ್ಲದ ಆವಿ ಸುಣ್ಣಗಲ್ಲಿಗೆ ಆಗಿಬರುವುದಿಲ್ಲ. ಮೇಲಿಂದ ವಾರ್ನಿಷ್ ಅಂತೂ ಬೇಡವೇ ಬೇಡ.

ಮುರಿದ ರೆಕ್ಕೆಯನ್ನು ಕಂದು ಬಣ್ಣದಲ್ಲಿ ಬರೆದು ತುಂಬಿಸುವ ಆಸೆಯೂ ಬರುತ್ತದೆ. ಮಾರುಕಟ್ಟೆಯಲ್ಲಿ ಹಾಗೆ ಬರೆದ ಮೀನುಗಳು ಬೇಕಾದಷ್ಟಿವೆ. ಮೂಲೆಯಲ್ಲಿ ಅಸಿಟೋನ್ ಮುಟ್ಟಿಸಿದ ಬ್ರಷ್ಷಿಗೆ ಬಣ್ಣ ಹತ್ತಿದರೆ, ನೇರಳಾತೀತ ಟಾರ್ಚಿನಲ್ಲಿ ಒಂದು ಭಾಗ ಬೇರೆಯೇ ಹೊಳೆದರೆ, ಅಲ್ಲಿ ಯಾರದೋ ಕುಂಚ ಆಡಿದೆ. ಇಲ್ಲದ್ದನ್ನು ಇಲ್ಲವೆಂದೇ ಬಿಟ್ಟ ಮೀನು ಹೆಚ್ಚು ಚಂದ ಎಂಬುದು ನಮ್ಮ ಅಭಿಪ್ರಾಯ. ಬಿರುಕು ತುಂಬಲೇಬೇಕಾದರೆ ಕೆರೆದ ಕಲ್ಲಿನ ಪುಡಿಯನ್ನೇ ಬಿ-72ರಲ್ಲಿ ಕಲಸಿ ತುಂಬಿ. ಅದಕ್ಕಾಗಿಯೇ ಮೊದಲ ದಿನದ ಪುಡಿಯನ್ನು ಒಂದು ಡಬ್ಬಿಯಲ್ಲಿ ಎತ್ತಿಡಬೇಕು.

ಕೊನೆಗೆ ಚಪ್ಪಡಿಯ ಹಿಂಬದಿ. ಬೆರಳಗಲದ ಜಾಗಕ್ಕೆ ಬಿ-72 ಬಳಿದು ಆರಿಸಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಬರೆಯಿರಿ: ನೈಟಿಯಾ, ಗ್ರೀನ್ ರಿವರ್ ಶಿಲಾಸ್ತರ, 18 ಇಂಚಿನ ಪದರ, ಕೆಮ್ಮರರ್, ವಯೋಮಿಂಗ್. ಅಗೆದ ಅಥವಾ ಕೊಂಡ ವರ್ಷ, ಬಿಡಿಸಿದ ವರ್ಷ, ಬಳಸಿದ ಅಂಟು, ಎಲ್ಲಿ ಬಿರುಕು ತುಂಬಿದೆ ಎಂಬುದೂ ಇರಲಿ. ಶಾಯಿ ಆರಿದ ಮೇಲೆ ಮೇಲೊಂದು ತೆಳು ಲೇಪ, ಈ ಸಲ ಬ್ರಷ್ಷನ್ನು ಒಂದೇ ಎಳೆತದಲ್ಲಿ ಓಡಿಸಿ. ಎರಡನೇ ಸಲ ಉಜ್ಜಿದರೆ ಅಸಿಟೋನ್ ಕೆಳಗಿನ ಲೇಪವನ್ನೂ ಕರಗಿಸಿ ಅಕ್ಷರಗಳನ್ನು ಕದಡಿಬಿಡುತ್ತದೆ.